ಕೆಲಸ ಕೊಡದ ಮಾಲಕನ ಕಡೆಯಿಂದ ಒಂದು ಮಾತು

ಮಾನ್ಯ ಸಂಪಾದಕರೇ,

ನಮ್ಮೂರಿನ ಮಾಲಕರಲ್ಲಿ ಕೆಲಸ ಉಂಟು, ಸಂಬಳ ಕೊಟ್ಟು ಸೇರಿಸಿಕೊಳ್ಳುವ ಮನಸ್ಸಿಲ್ಲ ಎಂದು ಪದವೀಧರ ಯುವಕರೊಬ್ಬರು ಈ ಅಂಕಣದಲ್ಲಿ ಬರೆದದ್ದನ್ನು ಓದಿದೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಕೇರಳದ ಗಡಿಜಿಲ್ಲೆ ಕಾಸರಗೋಡಿನ ಬದಿಯಡ್ಕದಲ್ಲಿ ಇಪ್ಪತ್ತೆರಡು ವರ್ಷದಿಂದ ಸಣ್ಣದೊಂದು ಆಫ್‌ಸೆಟ್ ಪ್ರೆಸ್ ನಡೆಸುತ್ತಿರುವ ನಾನೂ ಅವರು ದೂರಿದ ಮಾಲಕರ ಸಾಲಿನಲ್ಲೇ ಇದ್ದೇನೆ.

ಕಳೆದ ವಾರ ಪೆರ್ಲ ಕಡೆಯ ಹುಡುಗಿಯೊಬ್ಬಳು ಸರ್ಟಿಫಿಕೇಟುಗಳನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟುಕೊಂಡು, ತಾಯಿಯನ್ನೂ ಕರೆದುಕೊಂಡು ಕೆಲಸ ಕೇಳಲು ಬಂದಿದ್ದಳು. ಕಂಪ್ಯೂಟರಿನಲ್ಲಿ ಅಕ್ಷರ, ಪುಟ ಜೋಡಿಸುವ ಡಿ.ಟಿ.ಪಿ. ಕಲಿತಿದ್ದಾಳೆ. ಕನ್ನಡವನ್ನೂ ಮಲಯಾಳವನ್ನೂ ಟೈಪ್ ಮಾಡಬಲ್ಲಳು. ನೋಡುವ ಎಂದು ಹಳೆಯದೊಂದು ಬ್ರಹ್ಮಕಲಶೋತ್ಸವದ ಆಮಂತ್ರಣದ ಪುಟ ಕೊಟ್ಟೆ. ಒತ್ತಕ್ಷರ ಒಂದೂ ತಪ್ಪಲಿಲ್ಲ. ಈ ಗಡಿನಾಡಿನಲ್ಲಿ ಎರಡು ಲಿಪಿಯಲ್ಲೂ ಕೈ ಓಡುವವರು ಎಷ್ಟು ಅಪರೂಪ ಎಂಬುದು ಪ್ರೆಸ್ಸಿನವರಿಗೆ ಗೊತ್ತು. ಆದರೂ "ದೀಪಾವಳಿ ಕಳೆಯಲಿ ಮಗಳೇ, ಹೇಳುತ್ತೇನೆ" ಎಂದು ಕಳಿಸಿಬಿಟ್ಟೆ. ತಾಯಿ ಏನೂ ಮಾತಾಡಲಿಲ್ಲ, ಕೊಡೆ ಬಿಡಿಸಿಕೊಂಡು ಇಳಿದು ಹೋದರು. ಆ ಸಂಜೆಯಿಂದ ಈ ಪತ್ರ ಬರೆಯಬೇಕೆಂದಿದ್ದೆ.

ನನ್ನ ಆರ್ಡರ್ ಪುಸ್ತಕದಲ್ಲಿ ಹೆಚ್ಚೆಂದರೆ ಮುಂದಿನ ಮೂರು ವಾರದ ಕೆಲಸ ಕಾಣುತ್ತದೆ. ಒಬ್ಬರನ್ನು ಕೆಲಸಕ್ಕೆ ಸೇರಿಸಿಕೊಂಡರೆ ವರ್ಷಗಟ್ಟಲೆ ನಡೆಸಿಕೊಳ್ಳುತ್ತೇನೆ ಎಂದು ಮಾತು ಕೊಟ್ಟ ಹಾಗೆ. ಒಳ್ಳೆಯ ಕಾಲದಲ್ಲಿ ಮೂರು ವಾರದ ಆಚೆಗೂ ಏನಾದರೂ ಬಂದೇ ಬರುತ್ತದೆ ಎಂಬ ಧೈರ್ಯ ಇರುತ್ತದೆ. ಕೆಟ್ಟ ಕಾಲ ಮೊದಲು ಕಸಿದುಕೊಳ್ಳುವುದೇ ಆ ಧೈರ್ಯವನ್ನು. ಸಾಲದ್ದಕ್ಕೆ ಹೊಸಬರು ಕೆಲಸಕ್ಕೆ ಒದಗಲು ಆರು ತಿಂಗಳಾದರೂ ಬೇಕು. ಒಮ್ಮೆ ಹೊಸ ಹುಡುಗನೊಬ್ಬ ಮದುವೆ ಕಾಗದದಲ್ಲಿ ತಾರೀಕು ಸರಿಯಾಗಿ ಹಾಕಿ ವಾರ ತಪ್ಪಿಸಿದ್ದ. ಎಂಟುನೂರು ಕಾಗದ ಮತ್ತೆ ಅಚ್ಚು ಹಾಕಿದೆವು. ಕಲಿಯುವಾಗ ಅದೆಲ್ಲ ಇದ್ದದ್ದೇ, ಅವನನ್ನು ಬೈಯಲಿಲ್ಲ. ಆದರೆ ವ್ಯಾಪಾರ ಕುಂಟುವಾಗ ಅಂಥ ನಷ್ಟ ತಾಳುವ ಶಕ್ತಿ ಇರುವುದಿಲ್ಲ. ಹಾಗಾಗಿ ಇದ್ದವರಿಂದಲೇ ರಾತ್ರಿ ಒಂಬತ್ತರ ತನಕ ಮಾಡಿಸಿ ಸುಧಾರಿಸಿಕೊಳ್ಳುತ್ತೇವೆ. ದೊಡ್ಡ ಕಾರ್ಖಾನೆಗಳಲ್ಲೂ ಮೊದಲು ಓವರ್‌ಟೈಮ್, ಆಮೇಲೆ ಹೊಸ ನೇಮಕ.

ಸಂಬಳ ಕೊಡಲು ನಮಗೆ ಮನಸ್ಸಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ರಿಸರ್ವ್ ಬ್ಯಾಂಕಿನ ಲೆಕ್ಕದ ಪ್ರಕಾರ 2022-23ರಲ್ಲಿ ಕೇರಳದ ಹಳ್ಳಿಗಳಲ್ಲಿ ಕಟ್ಟಡ ಕಾರ್ಮಿಕರ ಸರಾಸರಿ ದಿನಗೂಲಿ 852 ರೂಪಾಯಿ, ಇಡೀ ದೇಶದ ಸರಾಸರಿ 393. ಇಷ್ಟು ಕೂಲಿಯನ್ನು ಇದೇ ಊರಿನ ಜನ ಕೊಡುತ್ತಿದ್ದಾರೆ. ಯಾಕೆಂದರೆ ದಿನಗೂಲಿಯ ಲೆಕ್ಕ ಸಂಜೆಗೆ ಮುಗಿಯುತ್ತದೆ, ನಾಳೆ ಬೇಡವೆಂದರೆ ಬೇಡ. ನಾಳೆಯ ನಂಬಿಕೆ ಇಲ್ಲದ ಕಾಲದಲ್ಲಿ ತಿಂಗಳ ಸಂಬಳದ ಕೆಲಸ ಕಡಿಮೆಯಾಗಿ, ದಿನದ ಲೆಕ್ಕದ ಕೆಲಸ, ಕಾಂಟ್ರಾಕ್ಟ್ ಕೆಲಸ ಹೆಚ್ಚುವುದು ಇದೇ ಕಾರಣಕ್ಕೆ. ಅದರ ಪೆಟ್ಟು ಬೀಳುವುದು ಓದಿ ಬಂದ ಮಕ್ಕಳ ಮೇಲೆ.

ನನ್ನ ಹಿಂಜರಿಕೆಗೆ ಇನ್ನೊಂದು ಕಾರಣವಿದೆ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದಾಗ ನಮಗೆ ಜಾತ್ರೆ, ಮದುವೆಗಳ ಸೀಸನ್. ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ಮಂಗಳೂರಿನಿಂದ ಬರಬೇಕಾದ ಕಾಗದ ತಲಪಾಡಿ ಗಡಿಯ ಆಚೆಗೇ ಉಳಿಯಿತು. ಕಾಗದ ಬಂದರೂ ಅಚ್ಚು ಹಾಕಲು ಏನೂ ಇರಲಿಲ್ಲ. ಆಗ ನಮ್ಮಲ್ಲಿ ಮುಳ್ಳೇರಿಯ ಕಡೆಯ ಹುಡುಗನೊಬ್ಬ ಇದ್ದ. ಮೂರು ವರ್ಷದಲ್ಲಿ ಡಿ.ಟಿ.ಪಿ., ಮೆಷಿನ್ ಎರಡನ್ನೂ ಕಲಿತಿದ್ದ. ಎರಡು ತಿಂಗಳು ಹೇಗೋ ಅರ್ಧ ಸಂಬಳ ಕೊಟ್ಟೆ, ಮೂರನೆಯ ತಿಂಗಳು ನನ್ನಿಂದಾಗಲಿಲ್ಲ. ಹೇಳಿದ ದಿನ ಅವನು ರೋಲರನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಬಟ್ಟೆಯನ್ನು ಮಡಚಿ ಅದರ ಜಾಗದಲ್ಲಿಟ್ಟ. ಅಂಗಡಿಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು "ಬರ್ತೇನೆ ಅಣ್ಣಾ" ಎಂದು ಹೋದ. ಮರುವರ್ಷ ಕೆಲಸ ಚಿಗುರಿದಾಗ ನಾನೇ ಫೋನ್ ಮಾಡಿ ಕರೆದೆ. ಬೆಂಗಳೂರಿನಲ್ಲಿ ಮೊಬೈಲ್ ಅಂಗಡಿ ಸೇರಿದ್ದ. "ಪುನಃ ನಿಲ್ಲಿಸಬೇಕಾಗಿ ಬಂದರೆ ಅಣ್ಣಾ?" ಎಂದು ಕೇಳಿದ. ನನ್ನಲ್ಲಿ ಉತ್ತರ ಇರಲಿಲ್ಲ. ಒಬ್ಬರನ್ನು ಮನೆಗೆ ಕಳಿಸಿದ ಸಂಕಟ ಅನುಭವಿಸಿದವನಿಗೆ ಇನ್ನೊಬ್ಬರನ್ನು ಒಳಗೆ ಕರೆಯುವಾಗ ನಾಲಗೆ ತಡವರಿಸುತ್ತದೆ.

ವ್ಯಾಪಾರಿ ಮಿತ್ರರು ಎಲ್ಲದಕ್ಕೂ ಕಾನೂನನ್ನು ದೂರುತ್ತಾರೆ. ಕೆಲಸಗಾರರು ಹತ್ತು ಜನರಾದರೆ ಇ.ಎಸ್.ಐ. ಎಂಬ ಆರೋಗ್ಯ ವಿಮೆ, ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿ, ಇಪ್ಪತ್ತಾದರೆ ಪಿ.ಎಫ್. ಎಂಬ ಭವಿಷ್ಯನಿಧಿ. ಹತ್ತನೆಯವರನ್ನು ಸೇರಿಸುವಾಗ ಲೆಕ್ಕ ಹಾಕುವ ಮಾಲಕರಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ನಮ್ಮಲ್ಲಿ ನಾನು ಸೇರಿ ಐದೇ ಜನ, ಇದ್ಯಾವುದೂ ನಮಗೆ ತಾಗುವುದಿಲ್ಲ. ಆದರೂ ಆರನೆಯವಳನ್ನು ಸೇರಿಸಲು ನಾನು ಹೆದರುತ್ತಿದ್ದೇನಲ್ಲ! ಕೆಲಸಗಾರರ ರಕ್ಷಣೆಯನ್ನು ತೆಗೆದುಹಾಕಿದರೆ ನೇಮಕ ಹೆಚ್ಚುತ್ತದೆ ಎನ್ನುವವರು ಐದು ಜನರ ಅಂಗಡಿಗಳನ್ನು ನೋಡಿ ಮಾತಾಡಬೇಕು. ಇಲ್ಲಿ ಕೊರತೆ ಇರುವುದು ಗಿರಾಕಿಯದ್ದು.

ಗಿರಾಕಿ ಯಾಕಿಲ್ಲ? ಕೊಳೆರೋಗ ಬಂದ ವರ್ಷ ಅಡಿಕೆ ಕೃಷಿಕರು ಗೃಹಪ್ರವೇಶವನ್ನು ಮುಂದೂಡುತ್ತಾರೆ. ಗಲ್ಫಿನಲ್ಲಿ ಕೆಲಸ ಹೋದವರ ಮನೆಯಲ್ಲಿ ಮದುವೆ ಚಿಕ್ಕದಾಗುತ್ತದೆ. ನನಗೆ ಕಾಗದದ ಆರ್ಡರ್ ಬರುವುದಿಲ್ಲ, ನಾನು ಆ ಹುಡುಗಿಗೆ ಕೆಲಸ ಕೊಡುವುದಿಲ್ಲ. ಅವಳ ಮನೆಯವರು ಪೇಟೆಯಲ್ಲಿ ಫ್ರಿಡ್ಜ್ ಕೊಳ್ಳುವುದಿಲ್ಲ, ಆ ಅಂಗಡಿಯವರು ನನ್ನಲ್ಲಿ ನೋಟೀಸು ಮಾಡಿಸುವುದಿಲ್ಲ. ಇವರಲ್ಲಿ ಯಾರೂ ತಪ್ಪು ಮಾಡಿಲ್ಲ, ಅವರವರ ಮನೆಯ ಮಟ್ಟಿಗೆ ಎಲ್ಲರದ್ದೂ ಜಾಣತನವೇ. ಆದರೆ ಎಲ್ಲರೂ ಒಟ್ಟಿಗೆ ಕೈ ಬಿಗಿಹಿಡಿದಾಗ ಊರಿಗೆ ಊರೇ ಬಡವಾಗುತ್ತದೆ. 1930ರ ದಶಕದ ಮಹಾಕುಸಿತದ ಕಾಲದಲ್ಲಿ ಅರ್ಥಶಾಸ್ತ್ರಜ್ಞ ಕೇನ್ಸ್ ಹೇಳಿದ್ದು ಇದನ್ನೇ. ಇಂಥ ಹೊತ್ತಿನಲ್ಲಿ ಖರ್ಚು ಮಾಡಲು ಸರಕಾರವೇ ಮುಂದಾಗಬೇಕು ಎಂದರು. ಕುಸಿತ ನಿಂತ ಮರುದಿನವೇ ನೇಮಕ ಶುರುವಾಗುವುದಿಲ್ಲ ಎಂಬುದೂ ನೆನಪಿರಲಿ. ಅಮೆರಿಕದಲ್ಲಿ 2008ರ ಹೊತ್ತಿನ ಹಿಂಜರಿತ 2009ರ ಜೂನ್‌ಗೆ ಮುಗಿಯಿತೆಂದು ಲೆಕ್ಕ. ನಿರುದ್ಯೋಗ ಏರುತ್ತಲೇ ಹೋಗಿ ಶೇ. 10 ಮುಟ್ಟಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ.

ಸರಕಾರದ ಖರ್ಚು ಎಂದಾಗ ನನಗೆ ದೊಡ್ಡ ದೊಡ್ಡ ಯೋಜನೆಗಳು ನೆನಪಾಗುವುದಿಲ್ಲ. ನಮ್ಮಲ್ಲಿ ಅಚ್ಚು ಮಾಡಿಸಿಕೊಂಡ ಒಂದು ಸ್ಥಳೀಯ ಸಂಸ್ಥೆ ಹನ್ನೊಂದು ತಿಂಗಳಿಂದ ಬಿಲ್ಲು ಪಾವತಿಸಿಲ್ಲ. ಹೋದಾಗಲೆಲ್ಲ ಫಂಡ್ ಬಂದಿಲ್ಲ ಎನ್ನುತ್ತಾರೆ. ಆ ಹಣ ಆ ಹುಡುಗಿಯ ಏಳು ತಿಂಗಳ ಸಂಬಳಕ್ಕೆ ಸಾಕು. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕ್ ನಿಗದಿ ಮಾಡುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಬೇಕು ಎಂದು 2006ರ ಕಾಯ್ದೆ ಹೇಳುತ್ತದೆ. ದೂರು ಕೊಡುವ ವ್ಯವಸ್ಥೆಯೂ ಉಂಟು. ಆದರೆ ದೂರು ಕೊಟ್ಟವನಿಗೆ ಮುಂದಿನ ಆರ್ಡರ್ ಯಾರು ಕೊಡುತ್ತಾರೆ? ಪೂರೈಕೆದಾರ ಬಾಯಿ ಬಿಡದೆಯೇ ಬಡ್ಡಿ ತಾನಾಗಿ ಸೇರುವ ಹಾಗಾಗಬೇಕು. ಕಡೇಪಕ್ಷ ಸರಕಾರಿ ಕಚೇರಿಗಳಲ್ಲಾದರೂ.

ಕೇಂದ್ರದ ಹೊಸ ಉದ್ಯೋಗ ಯೋಜನೆ 2025ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ಹೊಸಬರನ್ನು ಸೇರಿಸಿಕೊಂಡ ಮಾಲಕರಿಗೆ ಒಬ್ಬರಿಗೆ ತಿಂಗಳಿಗೆ 3,000 ರೂಪಾಯಿವರೆಗೆ ಸಿಗುತ್ತದೆ. ಒಳ್ಳೆಯದೇ. ಆದರೆ ಅದಕ್ಕೆ ಪಿ.ಎಫ್. ನೋಂದಣಿ ಬೇಕು, ಐವತ್ತಕ್ಕಿಂತ ಕಡಿಮೆ ಜನ ಇರುವಲ್ಲೂ ಕನಿಷ್ಠ ಇಬ್ಬರನ್ನು ಹೆಚ್ಚುವರಿಯಾಗಿ ಸೇರಿಸಿ ಆರು ತಿಂಗಳು ಉಳಿಸಿಕೊಳ್ಳಬೇಕು. ಒಬ್ಬರನ್ನೇ ಸೇರಿಸಲು ಒದ್ದಾಡುವ ನಮ್ಮಂಥವರಿಗೆ ಅದು ಕೈಗೆಟುಕುವುದಿಲ್ಲ. ಜರ್ಮನಿಯಲ್ಲಿ ಕೆಲಸ ಕಡಿಮೆಯಾದಾಗ ಜನರನ್ನು ತೆಗೆಯದೆ ಗಂಟೆ ಕಡಿಮೆ ಮಾಡುತ್ತಾರೆ. ಕಡಿತವಾದ ಸಂಬಳದಲ್ಲಿ ಶೇ. 60ನ್ನು, ಮಕ್ಕಳಿದ್ದವರಿಗೆ ಶೇ. 67ನ್ನು ಸರಕಾರಿ ವ್ಯವಸ್ಥೆಯೇ ತುಂಬಿಕೊಡುತ್ತದೆ. 2020ರಲ್ಲಿ ನಮಗೆ ಅಂಥದ್ದೊಂದು ಇದ್ದಿದ್ದರೆ ಆ ಹುಡುಗ ಬೀಗದ ಕೈ ಮೇಜಿನ ಮೇಲಿಡಬೇಕಾಗಿರಲಿಲ್ಲ. ಅಂಥದ್ದು ಇದೆ ಎಂಬ ಧೈರ್ಯ ಇವತ್ತು ಇದ್ದರೆ ಈ ಹುಡುಗಿಯನ್ನು ನಾನು ದೀಪಾವಳಿಯ ತನಕ ಕಾಯಿಸುತ್ತಿರಲಿಲ್ಲ.

ಪತ್ರ ಬರೆದ ಯುವಕರಲ್ಲಿ ಒಂದು ವಿನಂತಿ. ಇಲ್ಲ ಎನಿಸಿಕೊಂಡು ಹಿಂದಿರುಗುವಾಗ ತಮ್ಮ ಓದಿನಲ್ಲೋ ಕೈಯಲ್ಲೋ ಕೊರತೆ ಇದೆ ಎಂದು ದಯವಿಟ್ಟು ಅಂದುಕೊಳ್ಳಬೇಡಿ. ಆ ಹುಡುಗಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಅವಳ ಫೋನ್ ನಂಬರನ್ನು ಬಿಲ್ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆದಿಟ್ಟಿದ್ದೇನೆ. ಬರಬೇಕಾದ ಹಣ ಬಂದ ದಿನ ದೀಪಾವಳಿಗೆ ಕಾಯದೆ ಫೋನ್ ಮಾಡುತ್ತೇನೆ. ಸೋಮವಾರ ಮತ್ತೊಮ್ಮೆ ಆ ಕಚೇರಿಗೆ ಹೋಗುವವನಿದ್ದೇನೆ.

ಇಂತು,
ಮುದ್ರಣಾಲಯದ ಮಾಲಕ
ಬದಿಯಡ್ಕ, ಕಾಸರಗೋಡು