ಕೆಂಪು ಹಚ್ಚೆ ಉಬ್ಬಿದರೆ ಲೇಸರ್‌ಗೆ ಅವಸರ ಬೇಡ

ಮಾನ್ಯರೇ,

ಬಣ್ಣದ ಹಚ್ಚೆಯಲ್ಲಿ ತುರಿಕೆ ಶುರುವಾದರೆ ಹಲವರು ಮೆಡಿಕಲ್ ಶಾಪಿನಿಂದ ಯಾವುದೋ ಟ್ಯೂಬ್ ತಂದು ತಿಂಗಳುಗಟ್ಟಲೆ ಹಚ್ಚುತ್ತಾರೆ, ಇಲ್ಲವೇ ಲೇಸರ್‌ನಲ್ಲಿ ಹಚ್ಚೆಯನ್ನೇ ತೆಗೆಸಲು ಹೊರಡುತ್ತಾರೆ. ಎರಡರಲ್ಲೂ ಅಪಾಯವಿದೆ, ಲೇಸರ್‌ನಲ್ಲಿ ಹೆಚ್ಚು.

ಅಲರ್ಜಿ ಹೆಚ್ಚಾಗಿ ಬರುವುದು ಕೆಂಪು ಶಾಯಿಗೆ. ಗುಲಾಬಿ ಹೂವಿನ ಹಚ್ಚೆಯಲ್ಲಿ ಕಪ್ಪು ಗೆರೆ, ಹಸಿರು ಎಲೆ ಸಪಾಟಾಗಿಯೇ ಇದ್ದು ಕೆಂಪು ದಳಗಳಷ್ಟೇ ಗಟ್ಟಿಯಾಗಿ ಉಬ್ಬಿ, ಮೇಲೆ ಹೊಟ್ಟು ಎದ್ದಿದ್ದರೆ ಬಹುಮಟ್ಟಿಗೆ ಇದೇ. ಹಾಕಿಸಿದ ತಿಂಗಳುಗಳ, ವರ್ಷಗಳ ಮೇಲೂ ಬರಬಹುದು. ಹಿಂದೆ ಕೆಂಪಿಗೆ ಪಾದರಸದ ಇಂಗಳೀಕ ಬಳಸುತ್ತಿದ್ದರು, ಈಗ ಹೆಚ್ಚಿನವು ಅಜೋ ಎಂಬ ಕೃತಕ ಬಣ್ಣಗಳು. ಈ ಬಣ್ಣದ ಕಣಗಳು ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ಬೆನ್ನಿಗೆ ಅಂಟಿಸುವ ಪ್ಯಾಚ್ ಟೆಸ್ಟ್ ಎಷ್ಟೋ ಸಲ ಏನನ್ನೂ ತೋರಿಸುವುದಿಲ್ಲ. ಟೆಸ್ಟ್ ನೆಗೆಟಿವ್ ಬಂತೆಂದು ಮತ್ತೆ ಅದೇ ಬಣ್ಣ ಹಾಕಿಸಬೇಡಿ.

ಮೊದಲ ವಾರದಲ್ಲೇ ಕೀವು, ನೋವು, ಜ್ವರ ಬಂದರೆ ಅದು ಸೋಂಕು. ಎರಡು–ಮೂರು ವಾರ ಬಿಟ್ಟು ಬೂದು ಛಾಯೆ ತುಂಬಿದ ಜಾಗದಲ್ಲಿ ಕೆಂಪು ಗುಳ್ಳೆಗಳೆದ್ದರೆ ಕ್ಷಯದ ಬ್ಯಾಕ್ಟೀರಿಯಾದ ಬಳಗದವು ಹೊಕ್ಕಿರಬಹುದು. 2011ರ ಕೊನೆಯಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಹೀಗಾದಾಗ ಕಾರಣ ಸೂಜಿಯಲ್ಲ, ಹಚ್ಚೆ ಅಂಗಡಿಗೆ ಬರುವ ಮೊದಲೇ ಕಲುಷಿತವಾಗಿದ್ದ ಬೂದು ಶಾಯಿ. ಇಂಥ ಜಾಗಕ್ಕೆ ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ಮೇಲೆ ಕೆಂಪು ಇಳಿದಂತೆ ಕಾಣುತ್ತದೆ, ಒಳಗೆ ಸೋಂಕು ಹಬ್ಬುತ್ತದೆ.

ಆದ್ದರಿಂದ ಚಿಕಿತ್ಸೆಗೆ ಮೊದಲು ಬಯಾಪ್ಸಿ ಬೇಕು: ಜಾಗ ಮರಗಟ್ಟಿಸಿ ತೆಗೆಯುವ 4 ಮಿ.ಮೀ. ಚರ್ಮದ ಚೂರು, ಅಷ್ಟೇ. ಸಾರ್ಕಾಯ್ಡ್ (ಅಂಗಾಂಗಗಳಲ್ಲಿ ಉರಿಯೂತದ ಸಣ್ಣ ಗಂಟುಗಳು ಕಟ್ಟುವ ಕಾಯಿಲೆ), ಕುಷ್ಠ, ಕ್ಷಯ ಇದ್ದರೆ ಅದರಲ್ಲಿ ಸುಳಿವು ಸಿಗುತ್ತದೆ. ಅಲರ್ಜಿಯೆಂದು ಖಚಿತವಾದರೆ ಶೇ 0.05ರ ಕ್ಲೋಬೆಟಸಾಲ್ ಎಂಬ ಪ್ರಬಲ ಸ್ಟೀರಾಯ್ಡ್ ಮುಲಾಮನ್ನು ಉಬ್ಬಿದ ಭಾಗಕ್ಕಷ್ಟೇ ತೆಳುವಾಗಿ, ಎರಡು ವಾರ ಹಚ್ಚಿ ಮತ್ತೆ ವೈದ್ಯರಿಗೆ ತೋರಿಸಬೇಕು. ದಪ್ಪಗಾದ ಚರ್ಮದೊಳಕ್ಕೆ ಮುಲಾಮು ಇಳಿಯದು. ಆಗ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಅನ್ನು ಮಿ.ಲೀ.ಗೆ 10 ಮಿ.ಗ್ರಾಂ. ಸಾಂದ್ರತೆಯಿಂದ ಆರಂಭಿಸಿ ನೇರ ಗಂಟಿನೊಳಗೇ, 4ರಿಂದ 6 ವಾರಕ್ಕೊಮ್ಮೆ ಚುಚ್ಚುತ್ತೇವೆ. ಸೂಜಿ ತೀರ ಆಳಕ್ಕೆ ಹೋದರೆ, ಔಷಧಿ ಹೆಚ್ಚಾದರೆ ಅಲ್ಲಿ ಗುಳಿ ಬೀಳುತ್ತದೆ, ಬಿಳಿಚುತ್ತದೆ.

ಬಣ್ಣ ಒಳಗೇ ಉಳಿಯುವುದರಿಂದ ಕೆಲವರಿಗೆ ಔಷಧಿ ನಿಲ್ಲಿಸಿದೊಡನೆ ಮರುಕಳಿಸುತ್ತದೆ. ಅಂಥವರಿಗೆ ಬಣ್ಣವಿರುವ ಪದರವನ್ನೇ ಹೆರೆದು ತೆಗೆಯಬೇಕಾಗಬಹುದು. ಕಲೆ ಉಳಿಯುತ್ತದೆ, ಅದನ್ನು ಮೊದಲೇ ಹೇಳಬೇಕು. ಆದರೆ ಹಚ್ಚೆ ಅಳಿಸುವ ಕ್ಯೂ-ಸ್ವಿಚ್ಡ್ ಲೇಸರ್ ಬಣ್ಣದ ಕಣಗಳನ್ನು ಒಡೆದು ಮೈಯೊಳಗೆ ಹರಡುತ್ತದೆ. ಅಲರ್ಜಿ ಇರುವವರಿಗೆ ಇದರಿಂದ ಮೈತುಂಬ ದದ್ದು ಏಳಬಹುದು, ಉಸಿರು ಕಟ್ಟಬಹುದು. ಲೇಸರ್ ಮಾಡುವವರು ‘ಕೆಂಪು ಭಾಗ ಎಂದಾದರೂ ಉಬ್ಬಿತ್ತೇ?’ ಎಂದು ಕೇಳದೆ ಯಂತ್ರ ಮುಟ್ಟಬಾರದು.

ಯುರೋಪಿಯನ್ ಒಕ್ಕೂಟ 2022ರ ಜನವರಿಯಿಂದ ಹಚ್ಚೆ ಶಾಯಿಯ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿದೆ. ನಮ್ಮಲ್ಲೂ ಪ್ರತಿ ಗ್ರಾಹಕರಿಗೆ ಶಾಯಿಯ ಬ್ರ್ಯಾಂಡ್, ಬ್ಯಾಚ್ ಸಂಖ್ಯೆ ಬರೆದು ಕೊಡುವುದನ್ನು ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ ಹಚ್ಚೆ ಹಾಕಿಸುವವರು ಬಾಟಲಿಯ ಲೇಬಲ್‌ನ ಫೋಟೊ ತೆಗೆದಿಟ್ಟುಕೊಳ್ಳಿ, ವೈದ್ಯರ ಬಳಿ ಬರುವಾಗ ತನ್ನಿ.

– ಚರ್ಮರೋಗ ವೈದ್ಯೆ, ಹುಬ್ಬಳ್ಳಿ