ಗೋಡೆಯ ಮೇಲಿನ ಪೆನ್ಸಿಲ್ ಗೀಟು

ಪ್ರೀತಿಯ ಗೆಳತಿ,

ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿದ ಮೇಲೆ ನಿನ್ನ ಅತ್ತಿಗೆ ವ್ಯಾಯಾಮ ಮಾಡಬಹುದಾ ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ. ನಾನು ಬಸ್ಸಿನಲ್ಲಿದ್ದೆ. ಕುಂಬಳೆ ದಾಟುವಷ್ಟರಲ್ಲಿ ಲೈನ್ ಕಟ್ಟಾಯಿತು. ಬರೆದೇ ಹೇಳುತ್ತೇನೆ ಮಾರಾಯ್ತಿ.

ನನಗೂ ಅದೇ ಕಾಯಿಲೆ, ನಿನಗೆ ಗೊತ್ತೇ ಇದೆ. ಆಪರೇಷನ್, ಎಂಟು ಕೀಮೋ, ರೇಡಿಯೇಷನ್. ಎಲ್ಲದಕ್ಕೂ ಮಂಗಳೂರಿನ ರೈಲು. ಮುಗಿಸಿ ಬಂದಾಗ ಮನೆಯಲ್ಲಿ ಒಂದೇ ಮಾತು: ಇನ್ನು ರೆಸ್ಟ್, ಬಲಗೈಯಲ್ಲಿ ಏನೂ ಎತ್ತಬೇಡ. ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರಲ್ಲ, ಕೈ ಬಾತುಕೊಳ್ಳುತ್ತದೆ ಎಂಬ ಹೆದರಿಕೆ. ಅತ್ತೆ ದೋಸೆಯ ಸಟ್ಟುಗವನ್ನೂ ಕಿತ್ತುಕೊಂಡರು. ಪಾಪ, ಪ್ರೀತಿಯಿಂದಲೇ. ಆರು ತಿಂಗಳು ಸುಮ್ನೆ ಕೂತೆ. ಕೈ ಬಾತುಕೊಳ್ಳಲಿಲ್ಲ, ನಿಜ. ಆದರೆ ಭುಜ ಹಿಡಿದುಕೊಂಡಿತು. ಹೊಸದಾಗಿ ಬಂದ ಗುಂಗುರು ಕೂದಲಿಗೆ ಬಾಚಣಿಗೆ ಮುಟ್ಟಿಸಲು ಆಗಲಿಲ್ಲ. ಮೇಲಿಂದ ಸುಸ್ತು. ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ ಅದು, ಮಲಗಿದಷ್ಟೂ ಜಾಸ್ತಿ.

ತಪಾಸಣೆಗೆ ಹೋದಾಗ ಫಿಸಿಯೋಥೆರಪಿ ಹುಡುಗಿ ಗೋಡೆಯ ಎದುರು ನಿಲ್ಲಿಸಿದಳು. ಬೆರಳುಗಳನ್ನು ಹಲ್ಲಿಯ ಹಾಗೆ ಮೇಲೆ ಹತ್ತಿಸಬೇಕಂತೆ. ಎಳೆದ ಹಾಗಾದರೆ ಪರವಾಗಿಲ್ಲ, ಚುಚ್ಚಿದರೆ ನಿಲ್ಲಿಸಬೇಕು. ಮನೆಗೆ ಬಂದು ಚಾವಡಿಯ ಗೋಡೆಗೆ ದಿನಾ ಪೆನ್ಸಿಲಿನಲ್ಲಿ ಗೀಟು ಹಾಕತೊಡಗಿದೆ. ಮಗ ಸಣ್ಣವನಿದ್ದಾಗ ಅವನ ಎತ್ತರ ಗುರುತು ಮಾಡುತ್ತಿದ್ದ ಗೋಡೆ ಅದು. ಮೊದಲ ದಿನ ನನ್ನ ಬೆರಳು ನಿಂತದ್ದು ಅವನ ಐದನೇ ಕ್ಲಾಸಿನಲ್ಲಿ. ಪ್ಲಸ್ ಟೂ ದಾಟಲು ಏಳು ವಾರ ಬೇಕಾಯಿತು!

ಬಾಗಿಲಿಗೆ ಕಟ್ಟುವ ಒಂದು ರಾಟೆಯನ್ನೂ ತೋರಿಸಿದ್ದಳು. ಒಳ್ಳೆಯ ಕೈ ಹಗ್ಗ ಎಳೆದರೆ ಹಿಡಿದುಕೊಂಡ ಕೈ ಮೇಲೇಳುತ್ತದೆ. ಹಿತ್ತಲಲ್ಲಿ ಬಾವಿ ಇರುವವಳಿಗೆ ರಾಟೆ ಕಲಿಸುವುದಾ ಅಂತ ನಗು ಬಂತು.

ನಡಿಗೆಯದ್ದೇ ದೊಡ್ಡ ಕಷ್ಟ. ನಮ್ಮೂರಲ್ಲಿ ಕೆಲಸವಿಲ್ಲದೆ ಯಾರು ನಡೆಯುತ್ತಾರೆ ಹೇಳು? ತುಳುವಿನಲ್ಲಿ ಒಬ್ಬರು, ಮಲಯಾಳದಲ್ಲಿ ಒಬ್ಬರು, ಕನ್ನಡದಲ್ಲಿ ಒಬ್ಬರು, ಕೇಳುವುದು ಮಾತ್ರ ಒಂದೇ: ಎಲ್ಲಿಗೆ ಹೊರಟದ್ದು? ಉತ್ತರಕ್ಕೆ ಅಂತಲೇ ಒಂದು ತಿಂಗಳು ಖಾಲಿ ಹಾಲಿನ ಕ್ಯಾನ್ ಹಿಡಿದು ನಡೆದೆ. ಮೊದಲು ಹತ್ತು ನಿಮಿಷ, ತೋಟದ ತನಕ. ಈಗ ದಿನಾ ಅರ್ಧ ಗಂಟೆ, ಗುಡ್ಡೆಯ ಮೇಲಿನ ಮುರಕಲ್ಲಿನ ಪಾರೆಯವರೆಗೆ. ಸುಸ್ತು ಪೂರ್ತಿ ಹೋಗಿಲ್ಲ, ಆದರೆ ಮಧ್ಯಾಹ್ನ ಮಲಗದೆ ಕಳೆಯುತ್ತದೆ. ಕ್ಯಾನ್ಸರ್ ಮರಳಿ ಬಾರದಿರಲಿ ಅಂತ ಕೊಡುವ ಲೆಟ್ರೋಜೋಲ್ ಮಾತ್ರೆ ಶುರುವಾದ ಮೇಲೆ ಬೆಳಗ್ಗೆ ಗಂಟುಗಂಟೆಲ್ಲ ಬಿಗಿದಿರುತ್ತದೆ. ನಡೆದರೆ ಸ್ವಲ್ಪ ಸಡಿಲ.

ಭಾರದ ವಿಷಯಕ್ಕೆ ನನಗೆ ಧೈರ್ಯ ಬಂದದ್ದು ಡಾಕ್ಟರು ಹೇಳಿದ ಒಂದು ಅಧ್ಯಯನದಿಂದ. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. ಆಗಲೇ ಕೈ ಬಾತಿದ್ದ 141 ಹೆಂಗಸರು. ಅರ್ಧದಷ್ಟು ಮಂದಿ ಒಂದು ವರ್ಷ ವಾರಕ್ಕೆರಡು ಸಲ ಭಾರ ಎತ್ತಿದರು, ಕೈಗೆ ಬಿಗಿಯಾದ ತೋಳುಚೀಲ ಹಾಕಿಕೊಂಡು, ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ. ಅವರ ಬಾವು ಎತ್ತದವರಿಗಿಂತ ಹೆಚ್ಚೇನೂ ಆಗಲಿಲ್ಲ. ಬಾವು ಇದ್ದಕ್ಕಿದ್ದ ಹಾಗೆ ಕೆರಳುವುದು ಎತ್ತದವರಿಗಿಂತ ಅವರಲ್ಲೇ ಕಡಿಮೆ! ಅತ್ತೆಗೆ ಹೇಳಿದೆ. ಅಮೆರಿಕದವರಿಗೆ ಬಾವಿ ಉಂಟಾ ಅಂದರು.

ನಾನು ಅರ್ಧ ಲೀಟರಿನ ನೀರಿನ ಬಾಟಲಿಯಿಂದ ಶುರು ಮಾಡಿದೆ. ಈಗ ಬಾವಿಯಿಂದ ಅರ್ಧ ಕೊಡಪಾನ ಸೇದುತ್ತೇನೆ. ತುಂಬಿದ ಕೊಡಪಾನಕ್ಕೆ ಇನ್ನೂ ಕೈ ಹಾಕಿಲ್ಲ.

ಅತ್ತಿಗೆಗೆ ಆಪರೇಷನ್ ಆಗಿ ಎಷ್ಟು ಸಮಯವಾಯಿತೋ, ಡಾಕ್ಟರನ್ನು ಕೇಳದೆ ಭಾರಕ್ಕೆ ಹೋಗುವುದು ಬೇಡ. ಕೆಂಪು ಬಣ್ಣದ ಕೀಮೋ ಕೊಟ್ಟಿದ್ದರೆ ಹೃದಯದ ವಿಷಯವನ್ನೂ ಕೇಳಲಿ, ಅದು ಕೆಲವರ ಹೃದಯಕ್ಕೆ ತೊಂದರೆ ಮಾಡುವುದುಂಟು. ಆ ಕೈಯ ಬಳೆ ಬಿಗಿಯಾದರೆ, ಕೈ ಜಡವಾದ ಹಾಗನಿಸಿದರೆ ಕೂಡಲೇ ತೋರಿಸಲಿ. ನಡೆಯಲು ಮಾತ್ರ ಕಾಯುವುದು ಬೇಡ, ಅಂಗಳದಲ್ಲೇ ಆದರೂ ಸೈ.

ಅವರಿಗೆ ನನ್ನ ನಂಬರು ಕೊಡು. ಯಾವಾಗ ಬೇಕಾದರೂ ಮಾಡಲಿ. ಬೆಳಗ್ಗೆ ಆರೂವರೆಯಿಂದ ಏಳರವರೆಗೆ ಮಾತ್ರ ಎತ್ತುವುದಿಲ್ಲ.

ನಿನ್ನ,
ಹಾಲಿನ ಕ್ಯಾನ್ ಬಿಟ್ಟು ನಡೆಯಲು ಕಲಿತವಳು