ಕೋಳಿಗೂಡಿನ ಮುಚ್ಚಳ ಎತ್ತುವ ಮುನ್ನ

ಮಾನ್ಯ ಸಂಪಾದಕರೇ,

ಮನೆಯ ಹಿಂದೆ ನಾಲ್ಕಾರು ಕೋಳಿ ಸಾಕುವವರು ನಾಯಿ, ಬೆಕ್ಕು, ಹಾವಿಗೆ ಹೆದರಿ ಗೂಡು ಭದ್ರ ಮಾಡುತ್ತಾರೆ. ಕಣಜ, ಜೇನುನೊಣಗಳ ನೆನಪಾಗುವುದು ಯಾರಿಗಾದರೂ ಕಚ್ಚಿದ ಮೇಲೆಯೇ. ಮೊಟ್ಟೆ ತರಲು ಹೋಗುವುದು ಬಹುಪಾಲು ಮಕ್ಕಳು, ವಯಸ್ಸಾದವರು. ಅದಕ್ಕೇ ಈ ಪತ್ರ.

ಮಳೆ ತಾಗದ, ಯಾರೂ ಕದಲಿಸದ ಜಾಗ ಕಣಜಕ್ಕೆ ಇಷ್ಟ. ಮೊಟ್ಟೆ ಪೆಟ್ಟಿಗೆಯ ಮುಚ್ಚಳದ ಒಳಮೈ, ಮಾಡಿನ ತಗಡು ಮರಕ್ಕೆ ಸೇರುವ ಸಂದು, ಖಾಲಿ ಬಿದ್ದಿರುವ ಮರಿಗಳ ಪಂಜರ, ಇವು ಮೊದಲು ನೋಡಬೇಕಾದ ಕಡೆಗಳು. ಶುರುವಿನಲ್ಲಿ ಕಣಜ ಕಟ್ಟುವ ಹಟ್ಟಿ, ಅಂದರೆ ಅದರ ಗೂಡು, ಹೆಬ್ಬೆರಳಿನ ಉಗುರಿನಷ್ಟು ಅಗಲ, ಬೂದು ಬಣ್ಣ. ಒಂದು ಸಣ್ಣ ತೊಟ್ಟಿನಿಂದ ಕೊಡೆಯಂತೆ ಕೆಳಮುಖವಾಗಿ ಜೋತಿರುತ್ತದೆ, ಮೇಲೆ ಒಂದೋ ಎರಡೋ ಹುಳು ಕೂತಿರುತ್ತವೆ. ಆಗಲೇ ಉದ್ದ ಕೋಲಿನಿಂದ ಕೆಡವಿದರೆ ಕೆಲಸ ಮುಗಿಯಿತು. ಕೆಲವು ವಾರ ಬಿಟ್ಟರೆ ಹತ್ತಾರು ಹುಳು ಕಾವಲಿಗೆ ನಿಂತಿರುತ್ತವೆ. ಹಾಗಾಗಿ ವಾರಕ್ಕೊಮ್ಮೆ ಟಾರ್ಚ್ ಹಿಡಿದು ಗೂಡಿನ ಒಳಮೈಯೆಲ್ಲ ನೋಡಲೇಬೇಕು.

ಮುಚ್ಚಳ ಎತ್ತುವಾಗ ಬೆರಳುಗಳು ಅಂಚಿನ ಕೆಳಗೆ ಹೋಗುತ್ತವೆ, ಹಟ್ಟಿ ಇರುವುದೂ ಅಲ್ಲೇ. ಮುಚ್ಚಳದ ಮೇಲ್ಮೈಗೆ ಹಿಡಿಕೆ ಹಾಕಿಸಿ. ಎತ್ತುವ ಮೊದಲು ಕೋಲಿನಿಂದ ಎರಡು ಸಲ ತಟ್ಟಿ, ಪಕ್ಕಕ್ಕೆ ಸರಿದು ಅರ್ಧ ನಿಮಿಷ ಕಾಯಿರಿ. ಗಾಳಿಕಂಡಿಗೆ ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಜಾಲರಿ ಬೇಕು. ಕೋಳಿಗೂಡಿಗೆ ಸಾಮಾನ್ಯವಾಗಿ ಹಾಕುವ ಜಾಲರಿಯಲ್ಲಿ ಕಣಜ ಸಲೀಸಾಗಿ ನುಗ್ಗುತ್ತದೆ. ಸಣ್ಣ ಕಣ್ಣಿಗೆ ಪುಕ್ಕದ ಧೂಳು ಕಟ್ಟಿ ಗಾಳಿ ನಿಲ್ಲುತ್ತದೆ, ಆದ್ದರಿಂದ ಆಗಾಗ ಬ್ರಷ್‌ನಿಂದ ಉಜ್ಜಬೇಕು.

ಜೇನುನೊಣ ಬರುವುದು ಹೆಚ್ಚಾಗಿ ನೀರಿಗೆ. ಅಗಲ ಬಾಯಿಯ ಬಟ್ಟಲಿನ ಬದಲು ನಿಪ್ಪಲ್ (ಕೋಳಿ ಕುಕ್ಕಿದಾಗ ಮಾತ್ರ ನೀರು ಬಿಡುವ ತೂತು) ಇರುವ ಪಾತ್ರೆ ಇಟ್ಟು, ದೂರದಲ್ಲಿ ಬೆಣಚುಕಲ್ಲು ಹಾಕಿದ ತಟ್ಟೆಯಲ್ಲಿ ನೊಣಗಳಿಗೇ ಬೇರೆ ನೀರಿಡಿ. ಬಿಸಿಲು ಏರುವ ಮೊದಲೇ ಇಡಬೇಕು, ಒಮ್ಮೆ ಒಂದು ನೀರಿಗೆ ಹೊಂದಿಕೊಂಡ ನೊಣಗಳನ್ನು ಅಲ್ಲಿಂದ ಬಿಡಿಸುವುದು ಕಷ್ಟ. ಒದ್ದೆ ಆಹಾರ, ಹಣ್ಣಿನ ಸಿಪ್ಪೆಯನ್ನು ಅರ್ಧ ಗಂಟೆಯಲ್ಲಿ ತಿನ್ನುವಷ್ಟೇ ಹಾಕಿ, ಉಳಿದದ್ದನ್ನು ತೆಗೆದುಬಿಡಿ. ಒಡೆದ ಮೊಟ್ಟೆಯನ್ನು ಆಗಿಂದಾಗಲೇ ಒರೆಸಿ. ಸಕ್ಕರೆ ನೀರಿನ ಬಲೆಯನ್ನು ಗೂಡಿಗೇ ಕಟ್ಟುವವರಿದ್ದಾರೆ. ಅದು ದೂರದ ಕಣಜವನ್ನೂ ಕರೆದು ತರುತ್ತದೆ.

ದೊಡ್ಡ ಹಟ್ಟಿ ಕಂಡರೆ ಸೀಮೆಎಣ್ಣೆ, ಪೆಟ್ರೋಲ್, ಬೆಂಕಿಯ ಕಡೆ ಕೈ ಚಾಚಬೇಡಿ. ಹುಲ್ಲು, ಹೊಟ್ಟು ಹಾಸಿದ ಮರದ ಗೂಡು ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ. ಕೀಟನಾಶಕ ಹೊಡೆದರೆ ಅದು ಆಹಾರ, ನೀರಿಗೆ ಬೀಳುತ್ತದೆ, ಸತ್ತ ಹುಳುಗಳನ್ನು ಕೋಳಿಗಳೇ ಹೆಕ್ಕಿ ತಿನ್ನುತ್ತವೆ. ಕೋಳಿಗಳನ್ನು ಬೇರೆಡೆಗೆ ಸಾಗಿಸಿ, ಅನುಭವಸ್ಥರನ್ನು ಕರೆಸಿ.

ಹುಳುಗಳು ಮೈಮೇಲೆ ಎರಗಿದರೆ ಮುಖ ಮುಚ್ಚಿಕೊಂಡು ಓಡಿ, ಮನೆಯೊಳಗೆ ಸೇರಿ ಬಾಗಿಲು ಹಾಕಿಕೊಳ್ಳಿ. ಜೇನುನೊಣವನ್ನು ಹೊಡೆದು ಜಜ್ಜಿದರೆ ಅದು ಬಿಡುವ ವಾಸನೆಗೆ ಉಳಿದವೂ ಮುತ್ತುತ್ತವೆ. ಅದರ ಮುಳ್ಳು ಚರ್ಮದಲ್ಲೇ ಉಳಿದು ವಿಷ ಇಳಿಸುತ್ತಿರುತ್ತದೆ, ಹಾಗಾಗಿ ಉಗುರಿನಿಂದಲೋ ಚಿಮುಟದಿಂದಲೋ ತಕ್ಷಣ ತೆಗೆಯಬೇಕು. ಹೇಗೆ ತೆಗೆದಿರಿ ಎನ್ನುವುದಕ್ಕಿಂತ ಎಷ್ಟು ಬೇಗ ಎನ್ನುವುದು ಮುಖ್ಯ. ಕಣಜ ಮುಳ್ಳು ಬಿಡುವುದಿಲ್ಲ, ಮತ್ತೆ ಮತ್ತೆ ಚುಚ್ಚಬಲ್ಲದು. ನಾಲಿಗೆ, ತುಟಿ ಊದುವುದು, ಉಸಿರು ಕಟ್ಟುವುದು, ತಲೆಸುತ್ತು, ಮೈತುಂಬ ದದ್ದು ಕಂಡರೆ ಏನೇನೋ ಹಚ್ಚುತ್ತ ಕೂರದೆ ಆಸ್ಪತ್ರೆಗೆ ಒಯ್ಯಿರಿ. ಆಗ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು. ಹತ್ತಾರು ಕಡೆ ಕಚ್ಚಿದ್ದರೆ ಅಲರ್ಜಿ ಇಲ್ಲದವರೂ ವೈದ್ಯರನ್ನು ಕಾಣಲೇಬೇಕು, ವಿಷ ಮೂತ್ರಪಿಂಡಕ್ಕೂ ತಾಗಬಹುದು.

ಕೋಳಿಗೆ ಪುಕ್ಕವೇ ಕವಚ. ಜುಟ್ಟು, ಕಣ್ಣಿನ ಸುತ್ತ, ಕಾಲು ಮಾತ್ರ ಬರಿದು. ಓಡಲಾಗದ ಮರಿಗಳು, ಜಾಗ ಬಿಟ್ಟೇಳದ ಕಾವು ಕೂತ ಹೇಟೆ, ಇವಕ್ಕೆ ಅಪಾಯ ಹೆಚ್ಚು. ಕಚ್ಚಿಸಿಕೊಂಡ ಕೋಳಿಯನ್ನು ಬೇರೆ ಇಡಿ, ಇಲ್ಲದಿದ್ದರೆ ಉಳಿದವು ಊದಿದ ಜಾಗವನ್ನೇ ಕುಕ್ಕುತ್ತವೆ. ಮುಳ್ಳಿದ್ದರೆ ತೆಗೆದು ತಣ್ಣೀರಿನ ಬಟ್ಟೆ ಒತ್ತಿ. ನೊಣ ನುಂಗಿ ಗಂಟಲೊಳಗೆ ಚುಚ್ಚಿಸಿಕೊಂಡರೆ ಹೊರಗೆ ಗುರುತೇ ಇರುವುದಿಲ್ಲ. ಬಾಯಿ ತೆರೆದು ಉಸಿರಾಡುತ್ತಿದ್ದರೆ, ಜುಟ್ಟು ನೀಲಿಗಟ್ಟುತ್ತಿದ್ದರೆ ಬೆಳಗಿನವರೆಗೆ ಕಾಯದೆ ಪಶುವೈದ್ಯರ ಬಳಿ ಒಯ್ಯಿರಿ.

ಇತಿ,
ಹಿತ್ತಲ ಕೋಳಿ ಸಾಕುವವರು